ಎರಡು ಮೊಳದ ಅರಣ್ಯ

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಸಣ್ಣ ರೈತರು ಕಾಡು ಕಡಿಯದೆ ಕೋಕೋ ಬೆಳೆಯುವಂತೆ ಮಾಡುವ ಅಭಿಯಾನವು ವಿಧಿವತ್ತಾಗಿ ಆರಂಭಗೊಂಡಿತು. ಈ ಭಾಗದಲ್ಲಿ ಕಡಿಯುವಂಥ ಕಾಡು ಕಣ್ಣಿಗೆ ಬೀಳದ ಕಾರಣ, ಗುರಿ ಸಾಧನೆ ಸುಲಭವೆಂದು ಮೇಲಧಿಕಾರಿಗಳು ಮೊದಲೇ ಸಂತೋಷಪಟ್ಟಿದ್ದರು.

ಜವಳಗೇರಾದ ತಿಮ್ಮವ್ವನಿಗೆ ಮಾತ್ರ ಸಂತೋಷಪಡಲು ಪುರುಸೊತ್ತಿರಲಿಲ್ಲ. ಕಾಲುವೆ ದಂಡೆಯ ತೆಂಗಿನ ನೆರಳಲ್ಲಿ, ಗಂಡ ಯಮನೂರನ ಮಾತು ಮೀರಿ ಕೋಕೋ ಹಚ್ಚಿದವಳು ಅವಳು. ಚೊಚ್ಚಲ ಫಸಲಿನ ಬೀಜ ಒಣಗಿ ಚೀಲ ಸೇರಿತ್ತು.

"ಮಾರಿದರ ಗಿಡ ಇರ್ತಾವ. ಇಲ್ಲಂದ್ರ ಕಿತ್ತು ಅಲ್ಲೂ ಭತ್ತ ಹಚ್ಚತೀನಿ" ಎಂದು ಯಮನೂರ ಹೇಳಿಬಿಟ್ಟಿದ್ದ. ಚಾಕೊಲೇಟ್ ಕಂಪನಿಯವರೋ, ಕಾಡು ಕಡಿದಿಲ್ಲವೆಂಬ ಸರ್ಟಿಫಿಕೇಟ್ ಇಲ್ಲದೆ ಬೀಜ ಮುಟ್ಟುವವರಲ್ಲ. ಮಕ್ಕಳಂತೆ ಸಾಕಿದ ಗಿಡಗಳು. ತಿಮ್ಮವ್ವ ಜೀವ ಕೈಯಲ್ಲಿ ಹಿಡಿದು ಕೂತಿದ್ದಳು.

ತಪಾಸಣೆಗೆ ಕರಾವಳಿ ಕಡೆಯ ಗಂಗಾಧರ ಎಂಬ ಅಧಿಕಾರಿ ಬಂದರು.

"ಯಜಮಾನರು ಎಲ್ಲಿ?"

"ಅಡವಿಗೆ ಹೋಗ್ಯಾರ್ರೀ."

ಈ ಕಡೆ ಹೊಲಕ್ಕೆ ಅಡವಿ ಎನ್ನುತ್ತಾರೆಂಬುದನ್ನು ತರಬೇತಿಯಲ್ಲಿ ಹೇಳಿರಲಿಲ್ಲ. ಗಂಗಾಧರರು ಗಂಭೀರವಾಗಿ ಮೊಬೈಲ್ ತೆಗೆದರು.

"ಯಾರ ಅಡವಿ?"

"ನಮ್ದ ರೀ, ಮೂರು ಎಕರೆ. ಹೋದ ವರ್ಷ ಪೂರಾ ಜಾಲಿ ಬೆಳೆದಿತ್ತು. ಎಲ್ಲಾ ಕಡಿದು ಹಸನ ಮಾಡ್ಯಾರ."

"ಊರಿನ ಉಳಿದವರು?"

"ಎಲ್ಲಾರೂ ಅಡವ್ಯಾಗ ಅದಾರ್ರೀ. ಈ ಹೊತ್ತಿನ್ಯಾಗ ಮನ್ಯಾಗ ಯಾರ್ ಸಿಗ್ತಾರ?"

ಇಡೀ ಊರೇ ಅಡವಿ ಹೊಕ್ಕಿದೆ ಎಂಬ ಸುದ್ದಿಯನ್ನೂ ಗಂಗಾಧರರು ಮೊಬೈಲಿನಲ್ಲಿ ದಾಖಲಿಸಿಕೊಂಡರು. ಮಾಡಿಟ್ಟ ಚಹಾ ಕುಡಿಯದೆ ಹೊರಟುಹೋದರು. ಮರುದಿನ ಮೆಸೇಜ್ ಬಂತು: "ತಮ್ಮ ಕುಟುಂಬದಿಂದ ಮೂರು ಎಕರೆ ಅಡವಿ ನಾಶವಾಗಿರುವುದನ್ನು ಅಭಿಯಾನವು ವಿಷಾದದಿಂದ ಗಮನಿಸಿದೆ."

ತಿಮ್ಮವ್ವ ಬಸ್ ಹತ್ತಿ ಸಿಂಧನೂರಿನ ಕಚೇರಿಗೆ ಓಡಿದಳು. ಅಲ್ಲಿನ ಮೇಲ್ವಿಚಾರಕಿ ಸುರೇಖಾ ಲಿಂಗಸುಗೂರು ಕಡೆಯವರೇ.

"ನಮ್ಮಪ್ಪನೂ ದಿನಾ ಅಡವಿಗೇ ಹೋಗ್ತಾನ. ನನಗ ಗೊತ್ತೈತಿ, ಕಂಪ್ಯೂಟರಿಗೆ ಗೊತ್ತಿಲ್ಲ" ಎಂದರು ಸುರೇಖಾ.

"ಹಂಗಾರ ಅಳಿಸಿಬಿಡ್ರೀ ಮೇಡಮ್."

"ದಾಖಲಾದ ಅಡವಿ ಅಳಿಸಿದರ ಅದೂ ಅರಣ್ಯನಾಶನ ಅಂತ ನಿಯಮ ಐತಿ. ಅಡವಿ ಇನ್ನೂ ಅಲ್ಲೇ ಐತಿ ಅಂತ ತೋರಿಸಬೇಕು. ಈಗ ಅಲ್ಲಿ ಏನೈತಿ?"

"ಭತ್ತ ಐತ್ರೀ."

"ಹಸಿರು ಐತಿಲ್ಲೋ? ದಟ್ಟ ಐತಿಲ್ಲೋ?"

"ಇಲಿ ನುಸುಳಾಕ ಜಾಗಿಲ್ರೀ."

"ಆತು ಬಿಡ್ರಿ."

ತಜ್ಞರ ತಂಡ ಬಂದು ಬದುವಿನ ಮೇಲೆ ನಿಂತು, ಸದರಿ ಭತ್ತವನ್ನು 'ಎರಡು ಮೊಳ ಎತ್ತರದ ದಟ್ಟ ಅರಣ್ಯ' ಎಂದು ಘೋಷಿಸಿತು. ಸರ್ಟಿಫಿಕೇಟ್ ಬಂತು, ಬೀಜ ಲಾರಿ ಹತ್ತಿತು. ತಿಮ್ಮವ್ವ ಕೋಕೋ ಗಿಡವನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ಯಮನೂರನೂ ಮಾತಿಗೆ ತಪ್ಪಲಿಲ್ಲ.

ಅಷ್ಟರಲ್ಲಿ ಅರಣ್ಯ ಬಂಗಾರದ ಬಣ್ಣಕ್ಕೆ ತಿರುಗಿತು. ಭತ್ತ ಕೊಯ್ಯುವ ಮಷಿನ್ ಗದ್ದೆಗಿಳಿಯುವ ಹೊತ್ತಿಗೆ ಗಂಗಾಧರರು ಅಡ್ಡ ನಿಂತರು.

"ಅರಣ್ಯ ಕಡಿದರೆ ಸರ್ಟಿಫಿಕೇಟ್ ರದ್ದು. ಬೀಜ ವಾಪಸು ಬರುತ್ತೆ."

"ಅದು ಚಾಕ್ಲೇಟ್ ಆಗಿ ಹೋಗೈತಲ್ರೀ ಸಾಹೇಬ್ರ" ಎಂದ ಯಮನೂರ.

"ಆಗಿದ್ದರೂ ವಾಪಸು ಬರುತ್ತೆ."

ಯಮನೂರ ಭತ್ತ ನೋಡಿದ, ಹೆಂಡತಿಯ ಮುಖ ನೋಡಿದ. ಮಷಿನ್ ತಿರುಗಿ ಹೋಯಿತು. ಅವನಿಗೆ ಗೌರವ ಅರಣ್ಯ ರಕ್ಷಕನ ಹುದ್ದೆ, ಖಾಕಿ ಟೊಪ್ಪಿಗೆ ಕೊಡಲಾಯಿತು. ದಾರಿಹೋಕರು "ಅಡವಿ ಹೆಂಗೈತೋ ಯಮನೂರಣ್ಣ?" ಎಂದರೆ, "ಕಾಳು ಉದುರಾಕತ್ಯಾವ. ಕಾಡಂದ್ಮ್ಯಾಲ ಉದುರಬೇಕು" ಎಂದು ಅವನು ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದ. ಸರ್ಟಿಫಿಕೇಟಿನ ಆಸೆಗೆ ನೆರೆಯವರೂ ತಮ್ಮ ಗದ್ದೆಗಳನ್ನು ಅರಣ್ಯವೆಂದು ಬರೆಸಲು ಸಾಲು ನಿಂತರು.

ಅರಣ್ಯ ಉಳಿಸಿದ ಮಾದರಿ ಕುಟುಂಬಕ್ಕೆ ಕಂಪನಿಯಿಂದ ಒಂದು ಡಬ್ಬಿ ಚಾಕೊಲೇಟ್ ಬಹುಮಾನ ಬಂತು. ಗಂಡಹೆಂಡತಿ ಬದುವಿನ ಮೇಲೆ ಕೂತು ಬಿಚ್ಚಿದರು. ಯಮನೂರ ಒಂದು ಚೂರು ಬಾಯಿಗಿಟ್ಟು ಮುಖ ಕಿವುಚಿದ.

"ಕಹಿ ಐತಲ್ಲಬೇ."

"ಸುಮ್ನ ತಿನ್ರಿ" ಎಂದಳು ತಿಮ್ಮವ್ವ. "ಈ ವರ್ಷ ಮನ್ಯಾಗ ಅಕ್ಕಿ ಇಲ್ಲ."