ಸೀಸ ಮುಟ್ಟದ ಭಟ್ಟಿ

ನನ್ನ ಸೋದರಮಾವ ಹಿತ್ತಲಲ್ಲಿ ಕಳ್ಳಭಟ್ಟಿ ಇಳಿಸುತ್ತಾರೆಂದು ಶಿಕಾರಿಪುರದ ಅರ್ಧ ಊರು ನಂಬಿತ್ತು. ಉಳಿದರ್ಧ ಊರಿಗೆ ನಂಬುವಷ್ಟು ಪುರುಸೊತ್ತಿರಲಿಲ್ಲ. ಅದು ಲೋಟ ಹಿಡಿದು ಕಾಯುತ್ತಿತ್ತು!

ಇಳಿಯುತ್ತಿದ್ದದ್ದು ಓಮದ ಅರ್ಕ. ಎಳೆಕೂಸುಗಳ ಹೊಟ್ಟೆನೋವಿಗೆ ಒಳಲೆಯಲ್ಲಿ ಹಾಕಿ ಕುಡಿಸುತ್ತಾರಲ್ಲ, ಅದೇ. ಓಮವನ್ನು ನೀರಿನಲ್ಲಿ ಕುದಿಸಿ, ಹಬೆಯನ್ನು ಕೊಳವೆಯಲ್ಲಿ ಹಾಯಿಸಿ ತಣಿಸಿದರೆ ತೊಟ್ಟಿಕ್ಕುವ ನೀರು. ಅದನ್ನು ಇಳಿಸುವ ಸಲಕರಣೆಗೂ ಭಟ್ಟಿ ಎಂದೇ ಹೆಸರು, ಸಾರಾಯಿಯದಕ್ಕೂ ಭಟ್ಟಿ ಎಂದೇ ಹೆಸರು. ಭಾಷೆಯ ಈ ಜಿಪುಣತನಕ್ಕೆ ಮಾವ ಹೊಣೆಯೇ? ಆದರೆ ಹಣೆತುಂಬ ವಿಭೂತಿ ಧರಿಸಿ, ಪಾತ್ರೆ ಅಂಗಡಿಯ ಮುಂದೆ ನಿಂತು, ಮೆಣಸಿನಕಾಯಿ ವ್ಯಾಪಾರದಲ್ಲಿ ಪಳಗಿದ ಗಂಟಲಿನಿಂದ "ಮನ್ಯಾಗ ಭಟ್ಟಿ ಹೂಡಬೇಕು, ಒಳ್ಳೆ ಪಾತ್ರಿ ತೋರ್ಸ್ರೀ!" ಎಂದು ಕೂಗುವ ಮನುಷ್ಯನಿಗೆ ಬೇರೆ ಶತ್ರುಗಳು ಯಾಕೆ ಬೇಕು?

ನಗುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಇದು ಮಾವನ ಎರಡನೆಯ ಭಟ್ಟಿ.

ಮೊದಲನೆಯದನ್ನು ಮಗಳು ಗಿರಿಜಕ್ಕನ ಚೊಚ್ಚಲ ಬಾಣಂತನಕ್ಕೆಂದು ಕಟ್ಟಿದ್ದರು. ಒಂದು ಹಿತ್ತಾಳೆ ಕೊಡ. ಅದರ ಬಾಯಿಗೆ ಆನವಟ್ಟಿ ಸಂತೆಯಲ್ಲಿ ಹಳೇ ಸಾಮಾನಿನವನಿಂದ ತಂದ ಕೊಳವೆ. ಎಂಥ ಕೊಳವೆ! ಬೆಂಕಿ ಬೇಡ, ಸುತ್ತಿಗೆ ಬೇಡ, ಮೊಣಕಾಲಿಗೆ ಕೊಟ್ಟು ಒತ್ತಿದರೆ ಹಸಿ ಬಳ್ಳಿಯ ಹಾಗೆ ಬಾಗಿತಂತೆ. ಮಾವ ಅದನ್ನು ತಮ್ಮ ತೋಳಿನ ಶಕ್ತಿಯೆಂದು ತಿಳಿದು ಹಿಗ್ಗಿದರು. ಅದು ಸೀಸದ ಕೊಳವೆ. ಹಬೆ ಅದರೊಳಗೆ ನೀರಾಗಿ ಇಳಿಯುವಾಗ ಅಷ್ಟಷ್ಟು ಸೀಸವನ್ನೂ ಕರಗಿಸಿಕೊಂಡು ಇಳಿಯುತ್ತದೆ. ಹೊಟ್ಟೆಗೆ ಹೋದ ಸೀಸ ಏನು ಮಾಡುತ್ತದೆ? ಹೊಟ್ಟೆನೋವು ಮಾಡುತ್ತದೆ! ಕೂಸು ಅತ್ತಿತು, ಅರ್ಕ ಕುಡಿಸಿದರು. ಇನ್ನೂ ಅತ್ತಿತು, ಇನ್ನೂ ಕುಡಿಸಿದರು.

ಕೊನೆಗೆ ಶಿವಮೊಗ್ಗಕ್ಕೆ ಒಯ್ದರು. ಅಲ್ಲಿಯ ಡಾಕ್ಟರು ಮೈಸೂರು ಕಡೆಯವರು, ಅಚ್ಚುಕಟ್ಟಾದ ಕನ್ನಡ. ಎಲ್ಲವನ್ನೂ ಕೇಳಿ, "ಸೀಸ ವಿಷ. ಸೀಸ ತಾಗಿದ್ದನ್ನು ಮಗುವಿಗೆ ಕೊಡಲೇಬೇಡಿ" ಎಂದರು. ನಮ್ಮ ಕಡೆ ಸೀಸ ಎಂದರೆ ಏನು? ಬಾಟಲಿ! ಎಣ್ಣೆ ಸೀಸ, ಔಷಧಿ ಸೀಸ, ಅತ್ತರಿನ ಸೀಸ. ಮಾವ ಬಸ್ಸಿಳಿದವರೇ ಮನೆಯ ಬಾಟಲಿಗಳನ್ನೆಲ್ಲ ಹಿತ್ತಲಿಗೆ ತಂದು ಒಡೆದರು. ಕೊಬ್ಬರಿ ಎಣ್ಣೆಯದು ಹೋಯಿತು, ಶಾಯಿಯದು ಹೋಯಿತು, ಪಕ್ಕದ ಮನೆಯವರು ಕಡ ಕೊಟ್ಟಿದ್ದ ಪನ್ನೀರಿನದೂ ಹೋಯಿತು. "ಇನ್ನ ಭಯ ಇಲ್ಲ" ಎಂದು ಆವತ್ತಿನಿಂದ ಅರ್ಕವನ್ನು ಯಾವ ಬಾಟಲಿಗೂ ತುಂಬದೆ, ಆ ಕೊಳವೆಯ ಬಾಯಿಗೇ ಒಳಲೆ ಹಿಡಿದು, ಆರಿಸಿ ಕುಡಿಸಿದರು.

ಕೂಸು ಉಳಿಯಲಿಲ್ಲ.

ಮಾವ ಡಾಕ್ಟರ ಮೇಲೆ ಜಗಳಕ್ಕೆ ಹೋದರು. "ನೀವ್ ಹೇಳಿದಂಗ ಒಂದ್ ಸೀಸಾನೂ ಉಳಿಸಲಿಲ್ಲಲ್ರೀ, ಎಲ್ಲಾ ಒಡದ್ ಹಾಕೀನಿ!" ಡಾಕ್ಟರು ಮಾವನನ್ನು ಕುರ್ಚಿಯಲ್ಲಿ ಕೂರಿಸಿದರಂತೆ. ಆಮೇಲೆ, "ಯಜಮಾನರೇ, ನಾನು ಹೇಳಿದ್ದು ಆ ಕೊಳವೆಯನ್ನು" ಎಂದರಂತೆ.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು. ದೇವರಿದ್ದಾನೆ ಎಂದೂ ವಾದಿಸಿ ಗೆದ್ದಿದ್ದೇನೆ, ಇಲ್ಲವೆಂದೂ ವಾದಿಸಿ ಗೆದ್ದಿದ್ದೇನೆ. ಸಾಕ್ಷಿಯಿಲ್ಲದೆ ಬಿಸಿಲನ್ನೂ ಒಪ್ಪುವವನಲ್ಲ. ರಜೆಗೆ ಬಂದಾಗ ಮಾವನ ಮುಂದೆ ಕೂತು ವಾದ ಮಂಡಿಸಿದೆ: ಕೂಸಿಗೆ ಜ್ವರವೂ ಇತ್ತು, ಹುಟ್ಟುವಾಗಲೇ ಬಡಕಲು, ಸೀಸವೇ ಕಾರಣವೆಂಬುದಕ್ಕೆ ಪ್ರಮಾಣವೆಲ್ಲಿ? "ಡಾಕ್ಟರೇನು ಆಣೆ ಮಾಡಿ ಹೇಳಿದಾರಾ ಮಾವ?"

"ಅಲ್ಲ ಅಂತ ಆಣಿ ಮಾಡ್ಯಾರೇನು?" ಎಂದರು ಮಾವ.

ಯಾವ ತೀರ್ಪುಗಾರರಿದ್ದರೂ ಬಹುಮಾನ ಮಾವನಿಗೇ ಹೋಗುತ್ತಿತ್ತು.

ಎರಡು ವರ್ಷ ಕಳೆದು ಗಿರಿಜಕ್ಕ ಮತ್ತೆ ಬಸುರಿಯಾದಳು. ಅವಳನ್ನು ಕರೆತರಲು ಮಾವ ಮತ್ತು ಅತ್ತೆ ಸೊರಬಕ್ಕೆ ಹೋದರೆ, ಬೀಗರು ಎಲೆ ಅಡಿಕೆಯ ತಟ್ಟೆ ಮುಂದಿಟ್ಟು, "ಅಲ್ಲ ರೀ, ನೀವೇ ಹೇಳಿ. ಆ ಭಟ್ಟಿ ಮನೆಗೆ ಹುಡುಗೀನ ಹ್ಯಾಂಗೆ ಕಳ್ಸದು?" ಎಂದರು. ಗಿರಿಜಕ್ಕ ಬಾಗಿಲ ಹಿಂದೆ ನಿಂತಿದ್ದಳು. ಹೊಸಿಲು ದಾಟಿ ಈಚೆ ಬರಲಿಲ್ಲ. ಮಾವ ಎಲೆಗೆ ಸುಣ್ಣ ಹಚ್ಚಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ವಾಪಸು ಬಂದರು.

ಬುದ್ಧಿಯಿರುವ ಯಾರಾದರೂ ಆಮೇಲೆ ಭಟ್ಟಿಯ ಹೆಸರೆತ್ತುತ್ತಾರೆಯೇ? ಮಾವ ಮರುದಿನವೇ ಹೊಸ ಭಟ್ಟಿಗೆ ಪಾತ್ರೆ ಹುಡುಕಲು ಹೊರಟರು!

"ಅರ್ಕ ಅಂಗಡೀಲೇ ಸಿಗುತ್ತಲ್ಲ ಮಾವ?"

"ಅಂಗಡ್ಯವನ ಕೊಳವಿ ನೀ ನೋಡೀಯೇನು?"

"ಅರ್ಕಾನೇ ಇಲ್ಲದೆ ಮಕ್ಕಳು ಬೆಳೆಯಲ್ವಾ?"

"ನೀ ಅರ್ಕ ಕುಡದೇ ಬೆಳದಾವ. ಕುಡೀದಿದ್ರ ಇನ್ನೆಷ್ಟ್ ವಾದ ಮಾಡ್ತಿದ್ದಿಯೋ!"

ಪರೀಕ್ಷೆ ಶುರುವಾಯಿತು. ಸೀಮೆಎಣ್ಣೆ ಡಬ್ಬ ಬೇಡ, ಅದರ ಬೆಸುಗೆಯಲ್ಲಿ ಸೀಸವಿರುತ್ತದೆ. ಜಿಂಕಿನ ಬಕೇಟು ಬೇಡ, ಅದರ ಲೇಪ ಬಿಡುತ್ತದೆ. ಹಿತ್ತಾಳೆ ಬೇಡವೇ ಬೇಡ, ಎರಕದವನು ಏನೇನು ಬೆರೆಸಿದ್ದಾನೋ! ರಬ್ಬರಿನ ಕೊಳವೆ ಬಿಸಿಗೆ ನಾರುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನು ಅಂಗಡಿಯವನು ಹೊಗಳುವಾಗ ಮಾವ ಅದನ್ನು ಮೂಸಿ, ಉಗುರಿನಿಂದ ಕೆರೆದು, ಬಿಳಿ ಬಟ್ಟೆಗೆ ಉಜ್ಜಿ, ಗುರುತು ಬಿತ್ತೆಂದು ಹಿಂದಕ್ಕೆ ಕೊಟ್ಟರು. ಹೆಣ್ಣು ನೋಡಲು ಹೋದವರೂ ಇಷ್ಟು ಕಾಡುವುದಿಲ್ಲ. ಕೊನೆಗೆ ತಾಮ್ರದ ಹಂಡೆ ಒಪ್ಪಿಗೆಯಾಯಿತು. ಆದರೆ ತಾಮ್ರಕ್ಕೆ ಒಳಗೆ ಕಲಾಯಿ ಬೇಕು, ಕಲಾಯಿಯ ತವರದಲ್ಲಿ ಅಗ್ಗಕ್ಕೆಂದು ಸೀಸ ಬೆರೆಸುವವರಿದ್ದಾರೆ!

ಶುದ್ಧ ತವರದ ಕಡ್ಡಿಯನ್ನು ಬಗ್ಗಿಸಿದರೆ ಕಿರ್ರೆಂದು ಸಣ್ಣ ಸದ್ದು ಬರುತ್ತದೆ, ಸೀಸ ಬೆರೆತರೆ ಅದು ಅಡಗುತ್ತದೆ ಎಂದು ನನ್ನ ರಸಾಯನಶಾಸ್ತ್ರದ ಪುಸ್ತಕದಲ್ಲಿತ್ತು. ಹೇಳಿದ ಮೇಲೆ ಯಾಕಾದರೂ ಹೇಳಿದೆನೋ ಅನ್ನಿಸಿತು. ಮಾವ ಕಲಾಯಿ ಸಾಬರ ಕುಲುಮೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕಡ್ಡಿಯನ್ನು ಕಿವಿಗೆ ಹಿಡಿದು ಬಗ್ಗಿಸತೊಡಗಿದರು.

"ಸಾವ್ಕಾರ್ರೇ, ಕಲಾಯಿ ಹಾಕ್ಲೋ, ಹಾರ್ಮೋನಿಯಂ ರಿಪೇರಿ ಮಾಡ್ಲೋ?"

"ಅಳಬೇಕ್ರೀ ಇದು. ಅಳೋ ತವರ ಬೇಕು ನಂಗ."

"ಬಗ್ಗಿಸಿ ಬಗ್ಗಿಸಿ ನನ್ನ ಮಾಲೆಲ್ಲ ಕೊಕ್ಕೆ ಆತು. ಅಳೋದು ನಾನು!"

ಸಾಬರು ನಕ್ಕರು, ಸುತ್ತ ನಿಂತವರೂ ನಕ್ಕರು. ಮಾವ ನಗದೆ ಮುಂದಿನ ಕಡ್ಡಿಯನ್ನು ಕಿವಿಗೆ ಹಿಡಿದರು.

ಕೊಳವೆಗೆ ಲೋಹದ ಸಹವಾಸವೇ ಬೇಡವೆಂದು ಗಂಟು ಕೊರೆದ ಬಿದಿರು ಬಂತು. ಸಂದುಗಳಿಗೆ ಬೆಸುಗೆಯ ಬದಲು ಗೋಧಿಹಿಟ್ಟು ಮೆತ್ತಿ ಬಟ್ಟೆ ಸುತ್ತಿದರು. ಅರ್ಕ ಹಿಡಿಯಲು ಗಾಜಿನ ಬಾಟಲಿ. ಹೌದು, ಬಾಟಲಿಯೇ! ಇಡೀ ಪ್ರಕರಣದಲ್ಲಿ ನಿರಪರಾಧಿಯಾಗಿ ಏಟು ತಿಂದದ್ದು ಅದೊಂದೇ.

ಹೊಗೆ ಎದ್ದ ದಿನವೇ ಠಾಣೆಯ ದಫೇದಾರರು ಮೀಸೆ ತಿರುವುತ್ತ ಹಿತ್ತಲಿಗೆ ನುಗ್ಗಿದರು. "ಏನ್ರೀ ಇದು? ಎಷ್ಟ್ ದಿನದಿಂದ ನಡದೈತಿ?" ಮಾವ ಒಂದು ಲೋಟ ಅರ್ಕ ಕೊಟ್ಟರು. ದಫೇದಾರರು ಸಾಕ್ಷ್ಯವನ್ನು ಪೂರ್ತಿ ಕುಡಿದು, ಕಣ್ಣು ಮುಚ್ಚಿ, ಬೇಲಿಯ ಮೇಲಿನ ಕಾಗೆ ಹಾರಿಹೋಗುವಂಥ ತೇಗು ತೇಗಿದರು. ಮರುದಿನದಿಂದ ಅವರ ಮನೆಯಿಂದ ಚೊಂಬು ಬರತೊಡಗಿತು!

ಊರೆಲ್ಲ ಕುಡಿಯಿತು. ಮಾವನಂತೂ ಪ್ರತಿ ಸಲ ಮೊದಲ ಲೋಟ ತಾವೇ ಕುಡಿದು, ಹೊಟ್ಟೆ ಒತ್ತಿಕೊಂಡು ನೋವು ಬರುತ್ತದೆಯೇ ಎಂದು ಕಾಯುತ್ತಿದ್ದರು. ಬರುತ್ತಿರಲಿಲ್ಲ. ಯಾರಿಗಾಗಿ ಭಟ್ಟಿ ಹೂಡಿದರೋ ಅವಳು ಮಾತ್ರ ಸೊರಬದಲ್ಲೇ ಹೆತ್ತಳು. ಹೆಣ್ಣು ಕೂಸು. ತೊಟ್ಟಿಲಿಗೆ ಹಾಕುವ ದಿನ ಅತ್ತೆ ಹೋಗಿಬಂದರು, ಮಾವ ಹೋಗಲಿಲ್ಲ. "ಅಂಗಡಿ ಐತಿ" ಎಂದರು. ಅಂಗಡಿಯ ಬಾಗಿಲು ಆವತ್ತು ಹಾಕಿತ್ತು.

ನಾನೂ ರಜೆಗೆ ಬಂದಿದ್ದ ಒಂದು ಮಧ್ಯಾಹ್ನ ಯಾರಿಗೂ ಹೇಳಿಕಳಿಸದೆ ಗಿರಿಜಕ್ಕ ಕೂಸನ್ನು ಕಟ್ಟಿಕೊಂಡು ಬಸ್ಸಿಳಿದು ಬಂದಳು. ಬಂದವಳು ಪಡಸಾಲೆಯಲ್ಲೂ ಕೂರದೆ ನೇರವಾಗಿ ಹಿತ್ತಲಿಗೆ ನಡೆದಳು. ಅತ್ತೆ ಓಡಿಹೋಗಿ ಅರ್ಕದ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಮಾವ ಹಂಡೆಯ ಪಕ್ಕ ಅಪರಾಧಿಯ ಹಾಗೆ ಎದ್ದುನಿಂತರು.

"ಅಪ್ಪಾ, ಇದೇನು?"

"ತಾಮ್ರ ಅವ್ವಾ. ಒಳಗ ಕಲಾಯಿ. ಬರೀ ತವರ. ಕಿವಿಗಿಟ್ಟು ಕೇಳೀನಿ."

"ಇದು?"

"ಬಿದಿರು."

"ಸಂದಿಗೆ?"

"ಗೋಧಿ ಹಿಟ್ಟು. ಮನ್ಯಾಗ ಬೀಸಿದ್ದು."

ಅಷ್ಟರಲ್ಲಿ ಕೂಸು ಕಾಲು ಮಡಚಿಕೊಂಡು ಕಿರುಚತೊಡಗಿತು, ಹೊಟ್ಟೆನೋವೇ ಇರಬೇಕು. ಎಲ್ಲರೂ ಅತ್ತೆಯ ಸೆರಗನ್ನು ನೋಡಿದೆವು. ವಾದಿಸಲು ಇದಕ್ಕಿಂತ ಒಳ್ಳೆಯ ಸಮಯ ಯಾವುದು? ಸುರಕ್ಷಿತವೆಂದು ಸಾಧಿಸಲು ನನ್ನ ಬಳಿ ತಾಮ್ರವಿತ್ತು, ತವರವಿತ್ತು, ದಫೇದಾರರ ತೇಗಿತ್ತು. ಅದ್ಯಾವುದನ್ನೂ ಎತ್ತದೆ, ಕೂಸಿನ ಮುಖಕ್ಕೆ ಬಿಸಿಲು ಬೀಳದಂತೆ ಅಡ್ಡ ನಿಂತೆ.

"ಬ್ಯಾಡವ್ವಾ," ಎಂದರು ಮಾವ. "ಎಲ್ಲಾ ಸರಿ ಐತಿ. ಆದ್ರ ಕುಡಸಾಕ ನಂಗ ಧೈರ್ಯ ಇಲ್ಲ."

"ಅರ್ಕಕ್ಕೆ ಯಾರು ಬಂದಾರಪ್ಪಾ?" ಎಂದಳು ಗಿರಿಜಕ್ಕ. "ಹುಟ್ಟಿ ತಿಂಗಳಾತು. ಒಂದ್ ಸಲನಾದ್ರೂ ಎತ್ತಿಕೊಳ್ಳಾಕ ಬರಬಾರದಾಗಿತ್ತೇನು?"

ಮಾವ ತಮ್ಮ ಕೈಗಳನ್ನು ನೋಡಿಕೊಂಡರು. ಹಂಡೆ ಬೆಳಗಲೆಂದು ನೆನೆಸಿಟ್ಟಿದ್ದ ಹುಣಸೆಹಣ್ಣನ್ನು ತೆಗೆದುಕೊಂಡು ಕೂತು, ಅಂಗೈ, ಹಿಂಗೈ, ಉಗುರಿನ ಸಂದು, ಮೊಣಕೈವರೆಗೆ ತಿಕ್ಕಿದರು. ನೀರು ಸುರಿದುಕೊಂಡರು. ಮತ್ತೆ ತಿಕ್ಕಿದರು. ಆಮೇಲೆ ಎರಡೂ ಕೈಗಳನ್ನು ಮಗಳ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, ಹೊರಳಿಸಿ, ಮತ್ತೆ ಅಂಗೈ ಮೇಲೆ ಮಾಡಿ ಹಿಡಿದರು.

"ನೋಡವ್ವಾ," ಎಂದರು.

ಗಿರಿಜಕ್ಕ ನೋಡಲಿಲ್ಲ. ನೀರು ಆರುವ ಮೊದಲೇ ಕೂಸನ್ನು ಆ ಕೈಗಳ ಮೇಲೆ ಮಲಗಿಸಿದಳು.