ಪಟ್ಟೆಮರಿ ಹೊಳೆ ಸೇರಿದ್ದು ಹೇಗೆ

"ಅಮ್ಮ, ತಾತ ಯಾಕೆ ಟೈಲರ್ ತಾತನ ಬಾಯಿ ಮುಚ್ಚಿ ಹಿಡ್ಕೊಂಡಿದ್ದಾರೆ?"

ಅಡುಗೆಮನೆ ಬಾಗಿಲಲ್ಲಿ ನಿಂತು ಮಗಳು ಕೇಳಿದಾಗ ನಾನು ಟೀ ಸೋಸುತ್ತಿದ್ದೆ. ಸೋಸುವುದನ್ನು ಅರ್ಧಕ್ಕೆ ಬಿಟ್ಟು ಹಜಾರಕ್ಕೆ ಬಂದು ನೋಡಿದರೆ, ನಿಜವೇ. ಮಾವನ ಅಂಗೈ ಅವರ ಹಳೆಯ ಗೆಳೆಯರ ಬಾಯಿಯ ಮೇಲಿತ್ತು. ಟೈಲರು ಅಂಗಡಿಯಿಂದ ಹಾಗೇ ಎದ್ದು ಬಂದಿದ್ದರು, ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು. ಪಕ್ಕದಲ್ಲಿ ಅತ್ತೆ ಒಗೆದ ಬಟ್ಟೆ ಮಡಚುತ್ತ, ಈ ಇಬ್ಬರನ್ನೂ ತಾನು ಎಂದೂ ಕಂಡೇ ಇಲ್ಲ ಎನ್ನುವ ಹಾಗೆ ಕೂತಿದ್ದರು.

ನಾನು: ಮಾವ, ಕೈ ತೆಗೀರಿ. ಅವರಿಗೆ ಉಸಿರು ಕಟ್ಟುತ್ತೆ.

ಮಾವ: ಮೂಗು ಬಿಟ್ಟಿದ್ದೀನಲ್ಲಮ್ಮ.

ಅತ್ತೆ: ಬಿಡ್ರಿ ಅವರನ್ನ. ಒಂದು ಕಿಟಕಿ ಪರದೆ ಕೊಟ್ಟಿದ್ದಾರೆ, ಇನ್ನೊಂದು ಹೊಲಿಯೋದಿದೆ.

ಮಾವ ಕೈ ತೆಗೆದರು. ಟೈಲರು ಬಾಯಿ ಒರೆಸಿಕೊಂಡರು.

ಟೈಲರ್: ಇಷ್ಟು ವರ್ಷ ನನ್ನ ಕಿವಿ ಮೇಲೆ ಹೂವಿಟ್ಟೆಯಲ್ಲೋ.

ಮಾವ: ಮಗು ಇದೆ. ಆಮೇಲೆ ಮಾತಾಡೋಣ.

ಟೈಲರ್: ಮಗು ಇದ್ರೇನು, ಅವಳೂ ಕೇಳ್ಲಿ. ನಿನ್ನೆ ನನ್ನ ಮಗಳ ಮನೇಲಿ ನಿನ್ನ ಕ್ಯಾಸೆಟ್ಟಿನ ಚಿತ್ರಾನೇ ಪೂರ್ತಿ ನೋಡ್ದೆ. ಗೋಡೆಯಷ್ಟು ದೊಡ್ಡ ಟೀವಿ. ಆ ಮರಿ ಇದೆಯಲ್ಲ, ಅದನ್ನ...

ಮಾವ: ಟೀ ಕುಡಿ.

ಟೈಲರ್: ಎಲ್ಲಿದೆ ಟೀ?

ಮಾವ: ಬರುತ್ತೆ. ಬರೋ ತನಕ ಬಾಯಿ ಮುಚ್ಕೊಂಡಿರು.

ಆ ಚಿತ್ರದ ವಿಷಯ ಹೇಳಬೇಕು. ಮಾವ ಹಿಂದೆ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಅಂಗಡಿ ಮುಚ್ಚಿತು, ಒಂದು ವಿಸಿಆರ್ ಮತ್ತು ಹುಲ್ಲುಗಾವಲಿನ ಪ್ರಾಣಿಗಳ ಆ ಒಂದು ಕ್ಯಾಸೆಟ್ ಮನೆಯಲ್ಲಿ ಉಳಿದವು. ಒಂದು ಕಾಲಕ್ಕೆ ಬೀದಿಯ ಮಕ್ಕಳೆಲ್ಲ ನೋಡಿದ ಚಿತ್ರ. ಈಗ ಪ್ರತಿ ಭಾನುವಾರ ತಾತನ ತೊಡೆಯೇರಿ ನನ್ನ ಮಗಳು ನೋಡುತ್ತಾಳೆ. ಅದರಲ್ಲಿ ಒಂದು ಜೀಬ್ರಾ ಮರಿಯ ಹಿಂದೆ ಸಿಂಹಿಣಿ ಓಡುತ್ತದೆ. ಟೀವಿ ಪರದೆ ಒಮ್ಮೆ ಸರಕ್ಕನೆ ಕುಣಿಯುತ್ತದೆ. ಮರುಕ್ಷಣವೇ ಜೀಬ್ರಾಗಳೆಲ್ಲ ಹೊಳೆಯಲ್ಲಿ ನೀರು ಕುಡಿಯುತ್ತಿರುತ್ತವೆ, ಮಧ್ಯದಲ್ಲಿ ಒಂದು ಮರಿ. ಮಗಳು ಅದಕ್ಕೆ ಪಟ್ಟೆಮರಿ ಎಂದು ಹೆಸರಿಟ್ಟಿದ್ದಾಳೆ. ಅದು ನೀರು ಕುಡಿದ ಮೇಲೆಯೇ ಇವಳು ಹಾಲು ಕುಡಿಯುವುದು. ಹಾಗಾಗಿ ಆ ಮರಿಯ ಆರೋಗ್ಯದಲ್ಲಿ ನನಗೂ ಆಸಕ್ತಿ.

ಟೀ ತಂದಿಟ್ಟೆ. ಟೈಲರು ಲೋಟ ಮುಟ್ಟಲಿಲ್ಲ.

ಟೈಲರ್: ನಿನ್ನ ಕ್ಯಾಸೆಟ್‌ನಲ್ಲಿ ಒಂದು ತುಂಡೇ ಇಲ್ಲ. ನೀನು ಕತ್ತರಿ ಹಾಕಿದ್ದೀಯ.

ಮಾವ: ನೀನು ದಿನಾ ಹಾಕಲ್ವಾ?

ಟೈಲರ್: ನಾನು ಅಳತೆ ತಗೊಂಡು ಹಾಕ್ತೀನಿ.

ಮಾವ: ನೀನು ಅಳತೆ ತಗೊಂಡು ಹೊಲಿದ ಪ್ಯಾಂಟ್ ನನ್ನ ಮಗನಿಗೆ ಆಗ್ಲಿಲ್ಲ, ಅವನ ತಮ್ಮನಿಗೆ ಆಯ್ತು.

ಟೈಲರ್: ಮಾತು ಮರೆಸ್ಬೇಡ. ಜೀವನವೆಲ್ಲ ಕತ್ತರಿಸಿ ಜೋಡಿಸೋನು ನಾನು, ನನಗೇ ಹೊಲಿಗೆ ಕಾಣಲಿಲ್ಲ. ಪರದೆ ಕುಣಿದಾಗೆಲ್ಲ ವಿಸಿಆರ್ ಮೇಲೆ ತಪ್ಪು ಹೊರಿಸ್ತಿದ್ದೆ ನೀನು. ಹತ್ತಿ ತಗೊಂಡು ಅದರೊಳಗೆ ಟೇಪ್ ಓದೋ ಹೆಡ್ ಬೇರೆ ಒರೆಸ್ತಿದ್ದೆ.

ಅತ್ತೆ: ನನ್ನ ಒಳ್ಳೊಳ್ಳೆ ಹತ್ತಿಯೆಲ್ಲ ಅದಕ್ಕೇ ಹೋಯ್ತಾ?

ಮಾವ: ನಮ್ಮ ಹುಡುಗ ಚಿಕ್ಕೋನಿದ್ದಾಗ ಆ ಜಾಗ ಬಂದ್ರೆ ಅಳ್ತಿದ್ದ. ಅದಕ್ಕೆ ತೆಗೆದೆ.

ಅತ್ತೆ: ಅವನೆಲ್ಲಿ ಅತ್ತ? ಅತ್ತಿದ್ದು ನೀವು. ನಿಮ್ಮನ್ನ ನೋಡಿ ಅವನು ಶುರು ಮಾಡ್ದ.

ಮಾವ: ನೀನು ಅಲ್ಲಿರಲಿಲ್ಲ.

ಅತ್ತೆ: ಇಬ್ಬರ ಮೂಗೂ ಒರೆಸಿದ್ದು ಯಾರು? ನನಗೇನು ಆ ಚಿತ್ರದ ಮೇಲೆ ಪ್ರೀತಿಯಿಲ್ಲ. ಗಂಡು ಸಿಂಹ ಮರದ ಕೆಳಗೆ ಮಲಗಿರುತ್ತೆ, ಹೆಣ್ಣು ಹೋಗಿ ಊಟ ತರಬೇಕು. ಅದನ್ನ ನೋಡೋಕೆ ನನಗೆ ಕ್ಯಾಸೆಟ್ ಬೇಕಾ?

ಮಗಳು ಇಷ್ಟು ಹೊತ್ತು ಒಬ್ಬೊಬ್ಬರ ಮುಖ ನೋಡುತ್ತಿದ್ದವಳು ಟೈಲರ ಅಳತೆ ಟೇಪು ಹಿಡಿದು ಎಳೆದಳು.

ಮಗಳು: ಟೈಲರ್ ತಾತ, ಪಟ್ಟೆಮರಿಗೆ ಏನಾಯ್ತು?

ಮಾವ: ಏನೂ ಆಗ್ಲಿಲ್ಲ ಪುಟ್ಟಿ. ಓಡಿ ಓಡಿ ಹೊಳೆಗೆ ಹೋಯ್ತು.

ಟೈಲರ್: ಓಡಿ ಎಲ್ಲಿಗೆ ಹೋಗುತ್ತೆ? ಸಿಂಹಿಣಿ ಹಿಡಿದೇಬಿಡ್ತು.

ಮಾವನ ಮುಖ ಬಿಳುಚಿಕೊಂಡಿತು. ಮಗಳ ಕೆಳತುಟಿ ಮುಂದೆ ಬಂತು. ಅದರ ಹಿಂದೆಯೇ ಏನು ಬರುತ್ತದೆಂದು ನನಗೆ ಗೊತ್ತು. ಎತ್ತಿ ಸೊಂಟಕ್ಕೆ ಏರಿಸಿಕೊಂಡೆ.

ಮಾವ: ಆಯ್ತಾ ಸಮಾಧಾನ? ಹೋಗು, ಅಂಗಡಿ ತೆಗಿ, ಹೋಗು.

ನಾನು: ಇರಿ ಮಾವ. ನೋಡು ಪುಟ್ಟಿ, ಅಳೋದಾದ್ರೆ ಪೂರ್ತಿ ಕೇಳಿಸ್ಕೊಂಡು ಅಳೋಣ. ಹಿಡಿದ ಮೇಲೆ ಏನಾಯ್ತು ಅಂಕಲ್?

ಟೈಲರ್: ಅದನ್ನೇ ಹೇಳೋಕೆ ಬಂದೆ ನಾನು. ಹೇಳೋಕೆ ಬಿಟ್ಟನಾ ಇವನು? ಬೆನ್ನಿಗೆ ಬಾಯಿ ಹಾಕ್ತು. ಹಿಂಡೆಲ್ಲ ಓಡಿಹೋಯ್ತು. ಒಬ್ಬಳು ನಿಂತಳು. ತಿರುಗಿದಳು. ವಾಪಸ್ ಬಂದಳು.

ಮಾವ: ಯಾರು?

ಟೈಲರ್: ಇನ್ಯಾರು, ಅದರ ತಾಯಿ. ಸೀದಾ ಬಂದು, ಬೆನ್ನು ತಿರುಗಿಸಿ, ಹಿಂಗಾಲಲ್ಲಿ ಸಿಂಹಿಣಿ ದವಡೆಗೆ ಹೀಗೆ...

ಟೈಲರು ಸೋಫಾದ ತೋಳು ಹಿಡಿದು ಬಗ್ಗಿ ಹಿಂದಕ್ಕೆ ಒದ್ದರು. ಅತ್ತೆ ಮಡಚಿಟ್ಟ ಬಟ್ಟೆಯ ರಾಶಿ ನೆಲಕ್ಕುರುಳಿತು. ಕಾಲಿನ ಚಪ್ಪಲಿ ಹಾರಿ ವಿಸಿಆರ್ ಮೇಲೆ ಬಿತ್ತು.

ಟೈಲರ್: ಸಿಂಹಿಣಿ ಹೀಗೇ ಬಿತ್ತು. ಮರಿ ಎದ್ದು ತಾಯಿ ಹಿಂದೆ ಕುಂಟ್ಕೊಂಡು ಹೊಳೆಗೆ ಹೋಯ್ತು. ನಿನ್ನೆ ನನ್ನ ಮಗಳು ಎದ್ದು ನಿಂತು ಚಪ್ಪಾಳೆ ಹೊಡೆದಳು. ಅವಳು ಚಿಕ್ಕವಳಿದ್ದಾಗಲೇ ನೋಡ್ಬೇಕಾಗಿದ್ದ ಒದೆ ಅದು. ನಿನ್ನಿಂದಾಗಿ ತಪ್ಪಿಹೋಯ್ತು.

ಮಾವ ನಿಧಾನವಾಗಿ ಕೂತರು.

ಮಾವ: ವಾಪಸ್ ಬಂದ್ಲಾ?

ಅತ್ತೆ: ಮುಂದೆ ಏನಾಗುತ್ತೆ ಅಂತಾನೂ ನೋಡದೆ ಕತ್ತರಿಸಿದ್ರಾ?

ಮಾವ: ಬಾಯಿ ಹಾಕಿದ್ದು ನೋಡ್ದೆ, ಕಣ್ಣು ಮುಚ್ಕೊಂಡೆ. ನೀರಿನ ಸದ್ದು ಕೇಳಿದಾಗ ಕಣ್ಣು ಬಿಟ್ಟೆ. ಅಲ್ಲಿಂದ ಇಲ್ಲಿವರೆಗಿನ ಟೇಪ್ ಕತ್ತರಿಸಿ ತೆಗೆದು ಎರಡು ತುದೀನೂ ಅಂಟಿಸಿದೆ.

ನಾನು: ಹಾಗಾದ್ರೆ ಹೊಳೇಲಿ ನೀರು ಕುಡಿಯೋ ಮರಿ?

ಮಾವ: ಬೇರೆ ಯಾವುದೋ ಅಂದ್ಕೊಂಡಿದ್ದೆನಮ್ಮ. ಗೊತ್ತಿದ್ದೂ ಇವಳಿಗೆ ಪ್ರತಿ ವಾರ ಸುಳ್ಳು ತೋರಿಸ್ತಿದ್ದೆ.

ಮಗಳು: ಬೇರೆ ಅಲ್ಲ ತಾತ. ಅದರ ಕುಂಡಿ ಮೇಲೆ ಒಂದು ಪಟ್ಟೆ ಮುರಿದಿದೆ. ಓಡೋವಾಗ್ಲೂ ಇದೆ, ನೀರು ಕುಡಿಯೋವಾಗ್ಲೂ ಇದೆ. ನೀವು ನೋಡೇ ಇಲ್ವಾ?

ಅವಳು ನನ್ನ ಸೊಂಟದಿಂದ ಇಳಿದು ಹಾಲು ಕೇಳಿದಳು.

ಅತ್ತೆ: ಒದ್ದವರು ಬಟ್ಟೆ ಎತ್ತಿಡ್ಲಿ.

ಟೈಲರು ನೆಲದಲ್ಲಿ ಕೂತು ಟವೆಲ್ ಮಡಚಿದರು. ನಮ್ಮ ಮನೆಯಲ್ಲಿ ಟವೆಲ್ಲಿನ ಅಂಚು ಅಷ್ಟು ಸರಿಯಾಗಿ ಎಂದೂ ಕೂಡಿರಲಿಲ್ಲ. ಆಮೇಲೆ ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು ನನ್ನ ಕೈಗೆ ಕೊಟ್ಟರು.

ಟೈಲರ್: ನನ್ನ ಮಗಳು ಹಾಕಿಕೊಟ್ಟಿದ್ದಾಳೆ. ಪೂರ್ತಿ ಇದೆ. ನಿಮ್ಮ ಮಾವನ ಕೈಗೆ ಕೊಡ್ಬೇಡ, ಕತ್ತರಿ ಹುಡುಕ್ತಾನೆ.

ನಾನು ಅದನ್ನು ಟೀವಿಗೆ ಸಿಕ್ಕಿಸಿದೆ. ಮಗಳು ನೆಲದಲ್ಲಿ ಎಲ್ಲರಿಗಿಂತ ಮುಂದೆ ಕೂತಳು. ಪ್ರೀತಿಯಿಲ್ಲ ಎಂದಿದ್ದ ಅತ್ತೆ ಕನ್ನಡಕ ಹಾಕಿಕೊಂಡರು. ಪರದೆಯ ಮೇಲೆ ಹುಲ್ಲು ಅಲ್ಲಾಡಿತು. ಆನೆಗಳು ಹೋದವು, ಜಿರಾಫೆಗಳು ಹೋದವು. ಜೀಬ್ರಾಗಳು ಕಾಣುತ್ತಲೇ ಮಾವ ಎದ್ದು ಖಾಲಿ ಲೋಟಗಳನ್ನೆಲ್ಲ ಎತ್ತಿಕೊಂಡರು. ಅತ್ತೆ ಇನ್ನೂ ಅರ್ಧ ಮಾತ್ರ ಕುಡಿದಿದ್ದ ಲೋಟವೂ ಅವುಗಳ ಜೊತೆ ಹೋಯಿತು.

ನಾನು ಹಾಲು ತರಲು ಒಳಗೆ ಹೋದಾಗ ಅವರು ನಲ್ಲಿ ಬಿಟ್ಟುಕೊಂಡು ನಿಂತಿದ್ದರು. ಲೋಟ ತೊಳೆಯುತ್ತಿರಲಿಲ್ಲ. ನನ್ನನ್ನು ಕಂಡು ದನಿ ತಗ್ಗಿಸಿದರು.

"ನೋಡಮ್ಮ, ನನಗೊಂದು ಉಪಕಾರ ಮಾಡು. ನಾನು ಇಲ್ಲೇ ಇರ್ತೀನಿ. ಆ ತಾಯಿ ತಿರುಗಿದ್ಲು ಅಂದ ತಕ್ಷಣ ನನ್ನ ಕೂಗು, ಓಡಿ ಬರ್ತೀನಿ. ಅದಕ್ಕಿಂತ ಮುಂಚೆ ಮಾತ್ರ ಕೂಗ್ಬೇಡ."