ಕಂಬ ಎಲ್ಲಿಗೆ ಹೋಗುತ್ತೆ?

ಹೇಳಬೇಕಾಗಿದ್ದದ್ದು ಒಂದೇ ಒಂದು ಮಾತು. ಆದರೆ ಇನ್ನೊಬ್ಬರ ಬಾಯಲ್ಲಿ ಎಂಜಲಾಗದ ಮಾತು ತನ್ನ ಹತ್ತಿರ ಒಂದೂ ಉಳಿದಿಲ್ಲವಲ್ಲ ಎಂಬ ಚಿಂತೆ ಪಿಸುವಿಗೆ ಬೆಳಿಗ್ಗೆ ಹಲ್ಲುಜ್ಜುವಾಗಲೇ ಹತ್ತಿಕೊಂಡಿತು. ಬ್ರಷ್ಷನ್ನು ಕೈಯಲ್ಲಿ ಹಿಡಿದುಕೊಂಡೇ ಕನ್ನಡಿಯ ಮುಂದೆ ಒಂದೆರಡು ಹೇಳಿ ನೋಡಿದಳು. ‘ನೀನಿಲ್ಲದೆ ನಾನಿಲ್ಲ.’ ಇದನ್ನು ಹೋದ ತಿಂಗಳು ಸೇನಾಪತಿ ಹೇಳಿ ಸತ್ತಿದ್ದ. ‘ನನ್ನ ಉಸಿರೇ ನೀನು.’ ಇದು ಮಂತ್ರಿಯದು. ಹೇಳಿ ಮುಗಿಸುವಷ್ಟರಲ್ಲಿ ಅವರಿಗೆ ದಮ್ಮು ಹತ್ತಿ ಐದು ಟೇಕ್ ಆಗಿತ್ತು. ‘ಹೋಗಬೇಡ.’ ಇದು ಇವತ್ತು ರಾಜಕುಮಾರಿಯದು. ಮುಟ್ಟುವಂತಿಲ್ಲ.

ಪಿಸುವಿನ ಕೆಲಸವೇ ಅಂಥದ್ದು. ಹಳೇ ಕಾಲದ ಅರಮನೆಯ ಕತೆಯ ಧಾರಾವಾಹಿಯೊಂದರಲ್ಲಿ ಅವಳು ಪ್ರಾಂಪ್ಟರ್. ಕ್ಯಾಮೆರಾದ ಕಣ್ಣಿಗೆ ಬೀಳದ ಹಾಗೆ ಮರೆಯಲ್ಲಿ ನಿಂತು ನಟನಟಿಯರಿಗೆ ಅವರವರ ಮಾತನ್ನು ಪಿಸುಗುಡಬೇಕು. ಅವರು ಅದಕ್ಕೆ ಕಣ್ಣೀರು ಬೆರೆಸಿ ಜೋರಾಗಿ ಹೇಳುತ್ತಾರೆ. ಆಮೇಲೆ ಡಬ್ಬಿಂಗ್ ಮಾಡುವಾಗ ಅವಳ ದನಿಯನ್ನು ಒರೆಸಿಹಾಕುತ್ತಾರೆ. ಎಂ.ಎ. ಓದಿದ ಹುಡುಗಿಯೆಂದು ಸೆಟ್ಟಿನಲ್ಲಿ ಆಗಿಂದಾಗ ಮಾತು ತಿದ್ದುವ ಕೆಲಸವೂ ಅವಳದೇ. ಒಂದು ಚೆಂದದ ಹೆಸರೂ ಇತ್ತು; ಆದರೆ ಕೆಲಸಕ್ಕೆ ಸೇರಿದ ವಾರದಲ್ಲೇ ಎಲ್ಲರೂ ಅದನ್ನು ಮರೆತು ಪಿಸು ಎಂದು ಕರೆಯತೊಡಗಿದ್ದರು. ಎದುರು ಹೇಳುವಷ್ಟು ದನಿ ಅವಳಿಗಿರಲಿಲ್ಲ.

ಮಾತು ಹೇಳಬೇಕಾಗಿದ್ದದ್ದು ಸೂಜಿಗೆ. ಸೂಜಿ ವಸ್ತ್ರವಿಭಾಗದವಳು. ಬಾಯಲ್ಲಿ ಸದಾ ನಾಲ್ಕೈದು ಪಿನ್ನು ಕಚ್ಚಿಕೊಂಡಿರುವುದರಿಂದ ಅವಳ ಮಾತೆಲ್ಲ ‘ಮ್ಮ್’, ‘ಉಹ್ಞೂ’ಗಳಲ್ಲೇ ನಡೆಯುತ್ತಿತ್ತು. ಹತ್ತಿರದ್ದು ಮಸುಕಾಗಿ ಕಾಣುತ್ತದೆ, ಆದರೂ ಕನ್ನಡಕ ಹಾಕಲೊಲ್ಲಳು. ಹಾಗಾಗಿ ಸೂಜಿಗೆ ದಾರ ಪೋಣಿಸಿಕೊಡುವುದು ಪಿಸುವಿನ ಪಾಲಿಗೆ ಬಂದಿತ್ತು. ಬಟ್ಟೆಯ ಟ್ರಂಕಿನ ಮೇಲೆ ಇಬ್ಬರೂ ಪಕ್ಕಪಕ್ಕ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದರು. ಆ ಟ್ರಂಕಿನಷ್ಟು ಅಗಲದ ಜಾಗದಲ್ಲಿ ಮಾತ್ರ ಪಿಸುವಿಗೆ ಮಾತು ಬರುತ್ತಿತ್ತು. ಈಗ ಕಂಪನಿಯವರು ಸೂಜಿಯನ್ನು ದೂರದ ಊರಿನ ಇನ್ನೊಂದು ಧಾರಾವಾಹಿಗೆ ಹಾಕಿದ್ದರು. ಇವತ್ತು ಸಂಜೆಯ ವ್ಯಾನಿಗೆ ಅವಳು ಹೊರಡುವವಳು. ಹೇಳಿದರೆ ಇವತ್ತು, ಇಲ್ಲದಿದ್ದರೆ ಇಲ್ಲ.

ಶೂಟಿಂಗ್ ನಡೆಯುತ್ತಿದ್ದದ್ದು ನಿಜವಾದ ರಾಜಮನೆತನದವರ ಹಳೇ ಬಂಗಲೆಯಲ್ಲಿ. ಕತೆಯೂ ಅದೇ ಮನೆತನದ ಮುತ್ತಜ್ಜಿಯ ಕಾಲದ್ದು. ರಾಜಕುಮಾರಿಯ ಚಿತ್ರ ಬರೆಯಲು ಒಬ್ಬ ಚಿತ್ರಗಾರ್ತಿ ಬರುತ್ತಾಳೆ. ಚಿತ್ರ ಮುಗಿಯುವುದೇ ಇಲ್ಲ. ಯಾಕೆಂದರೆ ಇಬ್ಬರಿಗೂ ಅದು ಮುಗಿಯುವುದು ಬೇಕಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಮಹಾರಾಜನಿಗೆ ಗೊತ್ತಾಗಿ, ಕತ್ತಲಾಗುವುದರೊಳಗೆ ಅವಳು ಊರು ಬಿಡಬೇಕೆಂದು ಅಪ್ಪಣೆಯಾಗುತ್ತದೆ. ಹೊರಟವಳನ್ನು ರಾಜಕುಮಾರಿ ತಡೆದು ‘ಹೋಗಬೇಡ, ನೀನಿಲ್ಲದ ಈ ಮನೆಯಲ್ಲಿ ನಾನು ಬರೀ ಅತಿಥಿ’ ಎನ್ನುವುದೇ ಇವತ್ತಿನ ದೃಶ್ಯ. ಬಂಗಲೆ ಬಾಡಿಗೆಗೆ ಕೇಳುವಾಗ ನಿರ್ದೇಶಕರು ಇದನ್ನು ‘ಒಂದು ಸ್ನೇಹದ ಕತೆ’ ಎಂದು ಹೇಳಿ ದಾಟಿಕೊಂಡಿದ್ದರು.

ಇವತ್ತು ಆ ಮನೆತನದವರೇ ಬಂದು ಕೂತುಬಿಟ್ಟಿದ್ದರು. ಒಬ್ಬರು ಹಿರಿಯಜ್ಜಿ, ಎಲ್ಲರೂ ‘ದೊಡ್ಡವರು’ ಎನ್ನುತ್ತಿದ್ದವರು. ಬಂದವರೇ ಆರಾಮಕುರ್ಚಿಯಲ್ಲಿ ಒರಗಿ ಕಣ್ಣುಮುಚ್ಚಿದರು. ಪಕ್ಕದಲ್ಲಿ ಅವರ ಸೋದರಳಿಯ. ರಾಜ್ಯ ಹೋಗಿ ಎಷ್ಟೋ ಕಾಲವಾಗಿದ್ದರೂ ಆತ ಕುರ್ಚಿಯನ್ನು ಸಿಂಹಾಸನ ಎಳೆದ ಹಾಗೇ ಎಳೆದುಕೊಂಡು ಕೂತ.

“ಏನೇ ಪಿಸು, ಹೆಣ್ಣು ನೋಡೋಕೆ ಹೊರಟ ಗಂಡಿನ ಥರ ಬೆವರ್ತಿದೀಯಲ್ಲೇ?” ಎಂದರು ಮೇಕಪ್ ಅಣ್ಣ, ರಾಜಕುಮಾರಿಯ ಕೆನ್ನೆಗೆ ಪೌಡರು ಒತ್ತುತ್ತ. “ಯಾರವನು? ಲೈಟಿನವನಾ? ನಂಗೆ ಹೇಳು, ನಾನು ಮಾತಾಡ್ತೀನಿ.”

“ಯಾರೂ ಇಲ್ಲಣ್ಣ,” ಎಂದಳು ಪಿಸು. ಅವರಿಗೆ ಕೇಳಿಸಲಿಲ್ಲ. ಕೇಳಿಸದ್ದನ್ನು ಅವರು ‘ಹೂಂ’ ಎಂದೇ ಲೆಕ್ಕಕ್ಕೆ ತೆಗೆದುಕೊಂಡು, ಲೈಟಿನವನ ಕಡೆ ನೋಡಿ ಕಣ್ಣು ಹೊಡೆದರು.

ಮೊದಲ ಟೇಕ್. ರಾಜಕುಮಾರಿ ಮೇಡಂ ಒಳ್ಳೆಯ ನಟಿ, ಆದರೆ ಮಾತು ಮಾತ್ರ ಅವರ ತಲೆಯಲ್ಲಿ ಜರಡಿಯಲ್ಲಿ ನೀರು ನಿಂತಷ್ಟೇ ನಿಲ್ಲುತ್ತಿತ್ತು. ಪಿಸು ಏನು ಹೇಳಿದರೆ ಅದು, ಅಷ್ಟೇ. ಅರ್ಥದ ಕಡೆ ತಿರುಗಿ ನೋಡುವವರಲ್ಲ. “ಹೋಗಬೇಡ,” ಎಂದು ಪಿಸು ಉಸುರಿದಳು. “ಹೋಗಬೇಡ,” ಎಂದು ರಾಜಕುಮಾರಿ ಚಿತ್ರಗಾರ್ತಿಯ ಕೈ ಹಿಡಿದಳು.

“ಒಂದ್ನಿಮಿಷ,” ಎಂದ ಸೋದರಳಿಯ. “ಇವರಿಬ್ರೂ ಏನಾಗಬೇಕು?”

“ಸ್ನೇಹಿತೆಯರು, ಸ್ವಾಮಿ,” ಎಂದರು ನಿರ್ದೇಶಕರು.

“ಸ್ನೇಹಿತೆಯನ್ನ ಹೀಗೆ ನೋಡ್ತಾರೇನ್ರೀ? ಅತ್ತೆಯವರ ಮನಸ್ಸಿಗೆ ಎಷ್ಟು ನೋವಾಗುತ್ತೆ ಗೊತ್ತಾ?”

ಎಲ್ಲರೂ ದೊಡ್ಡವರ ಕಡೆ ನೋಡಿದರು. ಅವರು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

ಬಂಗಲೆ ಕೈತಪ್ಪಿದರೆ ಧಾರಾವಾಹಿಯೇ ನಿಲ್ಲುತ್ತದೆ. ನಿರ್ದೇಶಕರು ಹಣೆ ಒರೆಸಿಕೊಂಡು ಚಿತ್ರಗಾರ್ತಿಯನ್ನು ರಾಜಕುಮಾರಿಯ ತಂಗಿ ಮಾಡಿದರು. ತಂಗಿಗೆ ತಕ್ಕ ಬಟ್ಟೆ ಬೇಕಾಯಿತು. ಸೂಜಿ ಟ್ರಂಕು ತೆರೆದಳು. ಪಿಸು ದಾರ ಪೋಣಿಸುವ ನೆಪದಲ್ಲಿ ಪಕ್ಕ ಕೂತಳು.

“ಸೂಜಿ, ನಿಂಗೊಂದು ಹೇಳಬೇಕಿತ್ತು...”

“ಮ್ಮ್?” ಎಂದಳು ಸೂಜಿ, ಪಿನ್ನುಗಳ ನಡುವಿನಿಂದ.

“ಪಿಸೂ! ತಂಗಿಗೆ ಡೈಲಾಗ್ ಬದಲಾಯ್ಸು ಬಾ!” ಎಂದು ನಿರ್ದೇಶಕರು ಕೂಗಿದರು.

ತಂಗಿಯೂ ನಡೆಯಲಿಲ್ಲ. “ನಂಗೂ ತಂಗಿಯರಿದ್ದಾರೆ ಕಣ್ರೀ. ಊರಿಗೆ ಹೊರಟ್ರೆ ಸದ್ಯ ಹೋದ್ಲಲ್ಲ ಅನ್ಸುತ್ತೆ. ಅಳೋದೆಲ್ಲ ಎಲ್ಲಿಂದ ಬಂತು?” ಎಂದ ಸೋದರಳಿಯ. ತಂಗಿಗೆ ಬಿಳಿ ಕೂದಲು ಅಂಟಿಸಿ ರಾಜಕುಮಾರಿಯನ್ನು ಎತ್ತಿ ಆಡಿಸಿದ ಮುದುಕಿ ಮಾಡಲಾಯಿತು. “ಬೆಳಿಗ್ಗೆ ಪ್ರೇಯಸಿ, ಆಮೇಲೆ ತಂಗಿ, ಈಗ ಅಜ್ಜಿ. ಸಂಜೆ ಹೊತ್ತಿಗೆ ನನ್ನ ಫೋಟೋನೇ ಗೋಡೆಗೆ ಹೊಡೀತಾರೆ,” ಎಂದು ಆ ನಟಿ ಕೆಮ್ಮಿದ್ದಕ್ಕೆ ರಾಜಕುಮಾರಿಗೆ ನಗು ಹತ್ತಿತು. ನಗು ಎಂಟು ಟೇಕ್‌ಗೂ ನಿಲ್ಲಲಿಲ್ಲ. ಲೈಟುಗಳ ಕಾವಿಗೆ ಅಜ್ಜಿ ವೇಷದ ಬಿಳಿ ಹುಬ್ಬು ಕರಗಿ ಗಲ್ಲಕ್ಕೆ ಇಳಿಯಿತು. ಆ ನಟಿಯನ್ನು ಮನೆಗೆ ಕಳಿಸಿದರು. ಪಿಸುವಿಗೆ ಅವಳನ್ನು ಕಂಡು ಹೊಟ್ಟೆಕಿಚ್ಚಾಯಿತು. ಅವಳಿಗೆ ಮನೆಗೆ ಹೋಗಲಾದರೂ ಆಯಿತು.

“ಕುದುರೆಗೆ ಹೇಳಿಸಿ,” ಎಂದ ಸೋದರಳಿಯ, ಊಟವಾದ ಮೇಲೆ. “ಆ ಕಾಲದಲ್ಲಿ ರಾಜಮನೆತನದವರು ಮನಸ್ಸಿನಲ್ಲಿರೋದನ್ನ ಕುದುರೆಗೇ ಹೇಳ್ಕೋತಿದ್ರು.”

ಲಾಯದಿಂದ ಕುದುರೆ ಬಂತು. ಹಜಾರದ ನುಣುಪು ನೆಲದ ಮೇಲೆ ಅದು ಹೊಸ ಚಪ್ಪಲಿ ಹಾಕಿಕೊಂಡ ಮಗುವಿನ ಹಾಗೆ ಕಾಲಿಟ್ಟಿತು. ಕ್ಯಾಮೆರಾ ಇನ್ನೇನು ಶುರುವಾಗಬೇಕು, ಸೋದರಳಿಯನಿಗೆ ಏನೋ ಹೊಳೆಯಿತು.

“ಅಲ್ಲಯ್ಯ, ಇದು ಹೆಣ್ಣೋ ಗಂಡೋ?”

“ಹೆಣ್ಣು ಸ್ವಾಮಿ. ಎರಡು ಮರಿ ಹಾಕಿದೆ,” ಎಂದ ಕುದುರೆಯವನು, ಹೆಮ್ಮೆಯಿಂದ.

“ಬೇಡ, ಬೇಡ.”

“ಗಂಡು ಕುದುರೆ ತರಿಸ್ಲಾ ಸ್ವಾಮಿ?” ನಿರ್ದೇಶಕರ ದನಿಯಲ್ಲಿ ಜೀವವಿರಲಿಲ್ಲ.

“ಗಂಡಾದ್ರೆ ಇನ್ನೂ ಬೇಡ ಕಣ್ರೀ! ಅತ್ತೆ ಇಲ್ಲೇ ಕೂತಿದ್ದಾರೆ!”

ಮರ್ಯಾದೆ ಹೋದ ಕುದುರೆ ಹಿಂದಕ್ಕೆ ಸರಿಯಿತು. ಸರಿಯುವಾಗ ರಾಜಕುಮಾರಿಯ ಉದ್ದನೆಯ ನಿಲುವಂಗಿಯ ಅಂಚನ್ನು ತುಳಿಯಿತು. ಅಂಚು ಪರ್ರೆಂದು ಹರಿದು ಮೊಣಕಾಲಿನವರೆಗೆ ಬಂತು.

ಹೀಗೆ ಸುತ್ತಿ ಸುತ್ತಿ ಮಾತು ಕೊನೆಗೆ ಬಂದು ನಿಂತದ್ದು ಕಂಬದ ಹತ್ತಿರ. ಹಜಾರದ ನಟ್ಟನಡುವೆ ಇಬ್ಬರು ತಬ್ಬುವಷ್ಟು ದಪ್ಪದ ಒಂದು ಕಂಬವಿತ್ತು. ಸೋದರಳಿಯ ಅದನ್ನು ಮೇಲಿಂದ ಕೆಳಗೆ ನೋಡಿದ. “ಕಂಬ ಪರವಾಗಿಲ್ಲ,” ಎಂದ. “ಕಂಬ ನಮ್ಮ ಮನೆತನದ್ದೇ.”

ರಾಜಕುಮಾರಿ ಕಂಬವನ್ನು ತಬ್ಬಿ ‘ಓ ಕಂಬವೇ, ನೀನೇ ನಮ್ಮ ವಂಶದ ಬೆನ್ನೆಲುಬು’ ಎನ್ನಬೇಕೆಂದು ತೀರ್ಮಾನವಾಯಿತು. ಹರಿದ ಅಂಚನ್ನು ಹೊಲಿಯುವಷ್ಟು ಹೊತ್ತಿರಲಿಲ್ಲ. ಹಾಗಾಗಿ ಸೂಜಿ ಕಂಬದ ಹಿಂದೆ ಕುಕ್ಕರಗಾಲಲ್ಲಿ ಕೂತು ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದಳು. ಮಾತು ಹೇಳಿಕೊಡಲು ಪಿಸುವೂ ಅದೇ ಕಂಬದ ಹಿಂದೆ ನಿಂತಳು. ಅಲ್ಲಿ ಟ್ರಂಕಿನಷ್ಟೇ ಅಗಲದ ಜಾಗವಿತ್ತು.

“ರೋಲಿಂಗ್!”

ಹೊರಗೆ ವ್ಯಾನಿನ ಹಾರ್ನು ಕೇಳಿಸಿತು. ಸೂಜಿ ತಲೆಯೆತ್ತಿ, ಪಿನ್ನು ಕಚ್ಚಿದ ಬಾಯಲ್ಲೇ, “ಮ್ಮ್. ಬರ್ಲಾ ಮತ್ತೆ?” ಎನ್ನುವ ಹಾಗೆ ಹುಬ್ಬು ಹಾರಿಸಿದಳು. ಅವಳ ಬೆರಳಿನ ತುದಿಗಳು ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದವು. ದಿನವಿಡೀ ಪ್ರೇಯಸಿ, ತಂಗಿ, ಅಜ್ಜಿ, ಕುದುರೆ ಎಂದು ಪಿಸುಗುಟ್ಟಿ ಗಂಟಲು ಒಣಗಿದ್ದ ಪಿಸುವಿಗೆ ಬೆನ್ನೆಲುಬಿನ ಮಾತು ಮರೆತೇ ಹೋಯಿತು. ಬೆಳಿಗ್ಗೆ ಕನ್ನಡಿಯ ಮುಂದೆ ಎಷ್ಟು ಹುಡುಕಿದರೂ ಸಿಗದ, ಯಾರೂ ಮುಟ್ಟದ ಮಾತು ತಾನಾಗಿ ಬಂತು.

“ನೀನು ಹೋದರೆ ನಾನು ಯಾರಿಗೆ ದಾರ ಪೋಣಿಸಿಕೊಡಲಿ?” ಎಂದು ಪಿಸುಗುಟ್ಟಿದಳು.

ಕಂಬದ ಆ ಕಡೆಯಿಂದ ರಾಜಕುಮಾರಿಯ ದನಿ ಹಜಾರ ತುಂಬಿತು: “ನೀನು ಹೋದರೆ... ನಾನು ಯಾರಿಗೆ... ದಾರ ಪೋಣಿಸಿಕೊಡಲಿ?” ಎರಡು ಹನಿ ಕಣ್ಣೀರು ಸರಿಯಾದ ಹೊತ್ತಿಗೆ ಉರುಳಿದವು.

“ಕಟ್!” ಎಂದರು ನಿರ್ದೇಶಕರು. ದಿನದಲ್ಲಿ ಮೊದಲ ಸಲ ನೆಟ್ಟಗೆ ನಿಂತರು. “ಏನು ಮಾತು! ಏನು ಮಾತು!”

“ವಂಶದ ದಾರ!” ಎಂದ ಸೋದರಳಿಯ, ಎದ್ದು ನಿಂತು. “ಒಂದು ತಲೆಮಾರಿಂದ ಇನ್ನೊಂದು ತಲೆಮಾರಿಗೆ ಪೋಣಿಸ್ತಾ ಹೋಗೋ ದಾರ! ನಮ್ಮ ಮನೆತನವನ್ನ ಇಷ್ಟು ಚೆನ್ನಾಗಿ ಯಾರೂ ಅರ್ಥ ಮಾಡ್ಕೊಂಡಿರ್ಲಿಲ್ಲ.”

ಸೂಜಿ ಪಿನ್ನುಗಳನ್ನು ಅಂಗೈಗೆ ಉಗುಳಿ ನಕ್ಕಳು. “ಕಳ್ಳಿ! ನಮ್ಮಿಬ್ಬರದ್ದನ್ನೇ ಕದ್ದು ಡೈಲಾಗ್ ಮಾಡಿದೀಯಲ್ಲೇ!” ಎಂದಳು. ಪಿಸು ಬಾಯಿ ತೆರೆಯುವಷ್ಟರಲ್ಲಿ ಪಿನ್ನುಗಳು ವಾಪಸು ಹೋಗಿದ್ದವು.

“ಕ್ಲೋಸಪ್‌ಗೆ ಇನ್ನೊಂದ್ಸಲ! ಪಿಸು, ಅದೇ ಮಾತು ಕಣಮ್ಮ!”

ಅದೇ ಮಾತನ್ನು ಪಿಸು ಮತ್ತೆ ಹೇಳಿದಳು. ಮುಖದ ಮೇಲೆ ನೆರಳು ಬಿತ್ತೆಂದು ಮತ್ತೊಮ್ಮೆ. ಮೂಗಿನ ಮೇಲೆ ನೊಣ ಕೂತಿತೆಂದು ಇನ್ನೊಮ್ಮೆ. ಹೇಳಿ ಹೇಳಿ ಆ ಮಾತು ಅಂಗಡಿಯವನಿಗೆ ಸಾಮಾನು ಬರೆಸಿದ ಹಾಗಾಯಿತು. ಬೆಳಿಗ್ಗೆ ಇಲ್ಲದ ಮಾತು ಸಿಕ್ಕಿ, ಸಿಕ್ಕಿದ್ದು ಸಂಜೆಯೊಳಗೆ ಎಂಜಲಾಗಿಹೋಗಿತ್ತು.

ಆಗ ಆರಾಮಕುರ್ಚಿ ಕಿರುಗುಟ್ಟಿತು. ದೊಡ್ಡವರು ಕಣ್ಣುಬಿಟ್ಟಿದ್ದರು.

“ಆ ಹುಡುಗಿ ಯಾರಿಗೆ ಹೇಳ್ತಿದಾಳೋ?”

“ಕಂಬಕ್ಕೆ, ಅತ್ತೆ,” ಎಂದ ಸೋದರಳಿಯ.

“ನೀನು ಹೋದ್ರೆ, ಅಂತಿದಾಳಲ್ಲೋ. ಕಂಬ ಎಲ್ಲಿಗೆ ಹೋಗುತ್ತೆ?”

ಎಲ್ಲರೂ ಕಂಬದ ಕಡೆ ತಿರುಗಿ ನೋಡಿದರು. ದೊಡ್ಡವರು ತಲೆಯಾಡಿಸಿದರು. “ಚಿತ್ರ ಬರೆಯೋ ಹುಡುಗಿ ಬರ್ತಾಳೆ ಅಂತ ನಾನು ಬಂದದ್ದು. ಅವಳಿಲ್ದೆ ಇದೇನು ಕತೆ?” ಎಂದು ಮತ್ತೆ ಕಣ್ಣುಮುಚ್ಚಿದರು.

ನಿರ್ದೇಶಕರು ಎರಡೂ ಕೈಯಿಂದ ತಲೆ ಹಿಡಿದುಕೊಂಡರು. “ಕಂಬಾನೇ ಇರ್ಲಿ. ಆ ಮಾತಾದ್ಮೇಲೆ ಇನ್ನೊಂದು ಸೇರ್ಸು ಪಿಸು, ಎಲ್ಲಾ ಸರಿಹೋಗೋ ಥರದ್ದು. ಲಾಸ್ಟ್ ಟೇಕ್. ಲೈಟು ಹೋಗ್ತಿದೆ!”

ವ್ಯಾನಿನ ಹಾರ್ನು ಈಗ ನಿಲ್ಲದೆ ಕೂಗುತ್ತಿತ್ತು. ಸೂಜಿ ಅಂಚಿಗೆ ಅಡ್ಡಡ್ಡವಾಗಿ ಪಿನ್ನು ಚುಚ್ಚಿ, ಕಡೆಯದೊಂದನ್ನು ಬಾಯಲ್ಲೇ ಮರೆತು, ಎದ್ದಳು. ಪಿಸುವಿನ ಭುಜವನ್ನೊಮ್ಮೆ ಅಮುಕಿದಳು. ಹೊಲಿಗೆ ಪೆಟ್ಟಿಗೆ ಎತ್ತಿಕೊಂಡು ಕ್ಯಾಮೆರಾದ ಹಿಂದಿನಿಂದ ಸುತ್ತಿ ಬಾಗಿಲ ಕಡೆ ನಡೆದಳು.

“ರೋಲಿಂಗ್!”

ಪಿಸು ಕಂಬ ಬಿಟ್ಟು ಕದಲುವಂತಿರಲಿಲ್ಲ. ರಾಜಕುಮಾರಿ ಹಳೆಯ ಮಾತು ಮುಗಿಸಿ, ತುಟಿ ತೆರೆದು, ಹೊಸ ಮಾತಿಗೆ ಕಾದು ನಿಂತಿದ್ದರು. ಸೂಜಿ ಬಾಗಿಲಿಗೆ ತಲುಪಿದ್ದಳು. ಪಿಸುಗುಟ್ಟಿದರೆ ಕೇಳುವ ದೂರ ಅದಲ್ಲ.

“ಅದು ಡೈಲಾಗ್ ಅಲ್ಲ!” ಎಂದು ಪಿಸು ಕೂಗಿದಳು. ಆ ದನಿ ಇಷ್ಟು ದಿನ ಎಲ್ಲಿತ್ತೋ, ಜಂತೆಯಲ್ಲಿದ್ದ ಪಾರಿವಾಳಗಳು ಹಾರಿದವು. “ನಿನಗೇ ಹೇಳಿದ್ದು! ನಿನ್ನನ್ನ ಕಂಡ್ರೆ ನನಗಿಷ್ಟ!”

ಸೂಜಿ ಗಕ್ಕನೆ ತಿರುಗಿದಳು. ಬಾಯಿ ತೆರೆಯಿತು. ತುಟಿಯ ನಡುವಿದ್ದ ಪಿನ್ನು ಟಿಣ್ಣೆಂದು ನೆಲಕ್ಕೆ ಬಿತ್ತು.

ರಾಜಕುಮಾರಿ ಮೇಡಂ, ಯಾವತ್ತಿನ ನಿಷ್ಠೆಯಿಂದ, ಕಂಬಕ್ಕೆ ಕೆನ್ನೆಯೊತ್ತಿ, ಅಷ್ಟೇ ಜೋರಾಗಿ ಕೂಗಿದರು: “ಅದು ಡೈಲಾಗ್ ಅಲ್ಲ! ನಿನಗೇ ಹೇಳಿದ್ದು! ನಿನ್ನನ್ನ ಕಂಡ್ರೆ ನನಗಿಷ್ಟ!”

“ಓಕೆ! ಪ್ಯಾಕಪ್!” ನಿರ್ದೇಶಕರು ಕುಣಿದೇಬಿಟ್ಟರು. ಲೈಟಿನವನಿಂದ ಕುದುರೆಯವನವರೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಸೋದರಳಿಯ ಮಾತ್ರ ಕೈ ಎತ್ತಿದ. “ಡೈಲಾಗ್ ಅನ್ನೋ ಪದ ಆ ಕಾಲದಲ್ಲಿ ಇರ್ಲಿಲ್ಲ. ಅದೊಂದು ತೆಗೀರಿ. ಮಿಕ್ಕಿದ್ದರಲ್ಲಿ ತಪ್ಪೇನಿಲ್ಲ.”

ಬಾಗಿಲಲ್ಲಿ ಸೂಜಿಯ ಮುಖ, ಬಿಗಿದಿದ್ದ ಹೊಲಿಗೆ ಬಿಚ್ಚಿದ ಹಾಗೆ, ನಿಧಾನವಾಗಿ ಸಡಿಲವಾಯಿತು. ಓ, ಇದೂ ಡೈಲಾಗೇನಾ, ಎನ್ನುವಂತೆ ಅವಳು ನಕ್ಕಳು. ಪೆಟ್ಟಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವಳೂ ಚಪ್ಪಾಳೆ ತಟ್ಟಿದಳು, ಎಲ್ಲರಿಗಿಂತ ಜೋರಾಗಿ.